ಸೂಜಿ ಚುಚ್ಚುವ ಮೊದಲು ರಕ್ತ ನೋಡುವ ಕ್ಲಿನಿಕ್

ರಾಯಚೂರಿನಲ್ಲಿ ನಾಯಿ, ಬೆಕ್ಕು ಸಾಕಿದವರಿಗೆ ಸ್ಟೇಷನ್ ರಸ್ತೆ ಕಡೆಯ ಈ ಸಣ್ಣ ಕ್ಲಿನಿಕ್ ಬಗ್ಗೆ ಹೇಳಲೇಬೇಕು. ನಮ್ಮ ನಾಯಿ ಕರಿಯ ಇವತ್ತು ರೊಟ್ಟಿ ತಿಂದು ಓಡಾಡುತ್ತಿದ್ದಾನೆ ಅಂದರೆ ಇಲ್ಲಿಯ ಡಾಕ್ಟರೇ ಕಾರಣ.

ಬೇಸಿಗೆಯಲ್ಲಿ ಅವನು ಊಟ ಬಿಟ್ಟ. ಮೊದಲು ಹೋದ ಕಡೆ ಬಿಸಿಲಿನ ಸುಸ್ತು ಅಂತ ಒಂದು ಇಂಜೆಕ್ಷನ್ ಕೊಟ್ಟು ಕಳಿಸಿದರು. ಜ್ವರ ಇಳಿದು ಮತ್ತೆ ಏರಿತು. ಆಮೇಲೆ ಮೂಗಿನಲ್ಲಿ ರಕ್ತ ಬಂತು.

ಇಲ್ಲಿ ಡಾಕ್ಟರು ಮೊದಲು ತುಟಿ ಎತ್ತಿ ವಸಡು ನೋಡಿದರು. "ಅಕ್ಕಾ, ಇಲ್ಲಿ ನೋಡ್ರಿ, ಬಿಳಿಚಿಕೊಂಡೈತಿ" ಅಂದರು. ಬೆರಳಿಂದ ಒತ್ತಿ ಬಿಟ್ಟರೆ 2 ಸೆಕೆಂಡಿನೊಳಗೆ ಗುಲಾಬಿ ಬಣ್ಣ ವಾಪಸ್ ಬರಬೇಕಂತೆ. ಕಿವಿಯೊಳಗೆ, ಕಾಲ್ಬೆರಳ ಸಂದಿಯಲ್ಲಿ ಹುಡುಕಿದರು. ಉಣ್ಣಿ ಸಿಕ್ಕವು. ಜ್ವರ 104 ಡಿಗ್ರಿ. ನಾಯಿಗೆ 102.5ರವರೆಗೂ ಮಾಮೂಲಿ, ಸುಮ್ನೆ ಮೈ ಮುಟ್ಟಿ ಜ್ವರ ಹೇಳೋಕೆ ಆಗಲ್ಲ. ರಕ್ತ ತೆಗೆದರೆ ಪ್ಲೇಟ್‌ಲೆಟ್ ಬರೀ 48,000! 2 ಲಕ್ಷದ ಹತ್ತಿರವಾದರೂ ಇರಬೇಕಿತ್ತು. ಕಿಟ್ ಟೆಸ್ಟಿನಲ್ಲಿ ಎರ್ಲಿಕಿಯಾ ಅಂತ ಬಂತು, ಉಣ್ಣಿ ಕಚ್ಚಿ ಬರುವ ಜ್ವರ. ಹಳೆಯ ಸೋಂಕಿಗೂ ಕಿಟ್ಟಿನಲ್ಲಿ ಗೆರೆ ಮೂಡುತ್ತೆ. ಅದಕ್ಕೇ ಅವರು ಅಷ್ಟಕ್ಕೆ ಬಿಡಲಿಲ್ಲ. ಗಾಜಿನ ಮೇಲೆ ರಕ್ತ ಸವರಿ, ಉಣ್ಣಿಯಿಂದಲೇ ಹರಡುವ ಬಬೇಸಿಯಾ ಅನ್ನೋ ಇನ್ನೊಂದು ರೋಗಾಣು ಕೂಡ ಇದೆಯಾ ಅಂತ ಮೈಕ್ರೋಸ್ಕೋಪಿನಲ್ಲಿ ನೋಡಿದರು. ಇಷ್ಟು ತಾಳ್ಮೆ ಎಲ್ಲರಿಗೂ ಇರಲ್ಲ.

ಡಾಕ್ಸಿಸೈಕ್ಲಿನ್ ಗುಳಿಗೆ, 28 ದಿನ. ಬರಿ ಹೊಟ್ಟೆಗೆ ಬೇಡ, ಹಾಲಿನ ಜೊತೆಗೂ ಬೇಡ. "ನಾಕು ದಿನಕ್ಕ ಜಿಗಿದಾಡ್ತಾನ, ಆದ್ರೂ ಗುಳಿಗಿ ನಿಲ್ಲಿಸಬ್ಯಾಡ್ರಿ" ಅಂತ ಬಿಡಿಸಿ ಹೇಳಿದರು. ಹಾಗೇ ಆಯಿತು.

ನಾವು ಕಾಯುತ್ತಿದ್ದಾಗ ಒಬ್ಬರು ಗಂಡು ಬೆಕ್ಕು ತಂದರು. ಅದು ಮತ್ತೆ ಮತ್ತೆ ತಿಣುಕಿದರೂ ಒಂದು ಹನಿ ಉಚ್ಚೆ ಬರುತ್ತಿರಲಿಲ್ಲ. ಡಾಕ್ಟರು ಸಾಲು ಬಿಡಿಸಿ ಅದನ್ನೇ ಮೊದಲು ಒಳಗೆ ಕರೆದರು. ಹೀಗೆ ಉಚ್ಚೆ ಕಟ್ಟಿದ ಬೆಕ್ಕು ಒಂದೆರಡು ದಿನದಲ್ಲೇ ಸಾಯಬಹುದು. ಯಾರೂ ಗೊಣಗಲಿಲ್ಲ. ಅದು ನನಗೆ ತುಂಬಾ ಹಿಡಿಸಿತು.

ಕೊರತೆಯೂ ಇದೆ. ಸ್ಕ್ಯಾನಿಂಗ್ ಇಲ್ಲ, ಭಾನುವಾರ ಮುಚ್ಚಿರುತ್ತೆ. ಕೂರುವ ಜಾಗ ಕಡಿಮೆ, ನಾಯಿ ಬೆಕ್ಕು ಎಲ್ಲಾ ಒಂದೇ ಕಡೆ. ಬೆಕ್ಕಿದ್ದರೆ ಮುಚ್ಚಿದ ಬುಟ್ಟಿಯಲ್ಲೇ ತನ್ನಿ. ರಕ್ತ ಪರೀಕ್ಷೆಯ ದುಡ್ಡು ಬೇರೆ ಆಗುತ್ತೆ, ಆದರೆ ಎಷ್ಟು ಅಂತ ಮೊದಲೇ ಹೇಳುತ್ತಾರೆ. ಹಳೇ ಚೀಟಿ, ಕೊಟ್ಟ ಔಷಧಿಯ ಹೆಸರು ಕೇಳುತ್ತಾರೆ, ಮರೆಯದೆ ತಗೊಂಡು ಹೋಗಿ.