ಕೂಟವನ್ನು ಯಾವಾಗ ಹೇಳಬೇಕು: ಪಿಕೆ, ಶ್ನಾಪ್ಸೆನ್, ಬೆಝಿಕ್

ಸುತ್ತು ಗೆದ್ದುದಕ್ಕೆ ಮಾತ್ರವಲ್ಲದೆ, ಕೈಯಲ್ಲಿ ಕೂಡಿಬಂದ ಎಲೆಗಳನ್ನು, ಅಂದರೆ ಕೂಟವನ್ನು, ಘೋಷಿಸಿದುದಕ್ಕೂ ಅಂಕ ಕೊಡುವ ಈ ಮೂರು ಹಳೆಯ ಇಸ್ಪೀಟಾಟಗಳನ್ನು ಒಬ್ಬರೇ ಎದುರಾಳಿಯೊಂದಿಗೆ ಹಲವು ತಿಂಗಳು ಆಡಿದ್ದೇನೆ. ಘೋಷಣೆಯ ಹೊತ್ತು ಬದಲಾದರೆ ಆಟದ ಸ್ವಭಾವವೇ ಬದಲಾಗುತ್ತದೆ.

32 ಎಲೆಗಳ ಪಿಕೆಯಲ್ಲಿ ಮೊದಲು ಆಡುವವರು ಎಲೆ ಇಳಿಸುವ ಮುನ್ನವೇ ತಮ್ಮ ಕೂಟಗಳನ್ನು ಹೇಳಬೇಕು. ಇನ್ನೊಬ್ಬರು ಆ ಎಲೆ ಬಿದ್ದ ಮೇಲೆ ತಮ್ಮ ಅಂಕ ಎಣಿಸುತ್ತಾರೆ. ಹೇಳಿದರೆ ಕೈ ಬಯಲಾಗುತ್ತದೆ, ಹೇಳದಿದ್ದರೆ ಅಂಕ ಹೋಗುತ್ತದೆ. ಮೂರು ರಾಜರಿಗೆ ಸಿಗುವುದು ಕೇವಲ 3 ಅಂಕ, ಹೆಚ್ಚು ಸುತ್ತು ಗೆದ್ದವರಿಗೆ 10; ಆದ್ದರಿಂದ ಮೂವರನ್ನು ಮುಚ್ಚಿಡುವುದು ಕೆಲವೊಮ್ಮೆ ಲಾಭಕರ. ನಾಲ್ವರಿದ್ದರೆ 14 ಅಂಕವಾದ್ದರಿಂದ ಮೌನ ವಹಿಸಿ ನಾನು ಗಳಿಸಿದ್ದು ತೀರಾ ಅಪರೂಪ.

ಆಸ್ಟ್ರಿಯದ ಶ್ನಾಪ್ಸೆನ್‌ನಲ್ಲಿ ಆಯ್ಕೆ ಕಿರಿದು. ಸುತ್ತು ಆರಂಭಿಸುವ ಸರದಿ ನಮ್ಮದಾದಾಗ ಒಂದೇ ಗುರುತಿನ ರಾಜ-ರಾಣಿ ಜೋಡಿಯನ್ನು ತೋರಿಸಿ, ಅವುಗಳಲ್ಲೊಂದನ್ನು ಆಡಬೇಕು. ತುರುಪಿನ ಜೋಡಿಗೆ 40, ಉಳಿದವುಗಳಿಗೆ 20. ಗುರಿ 66 ಮಾತ್ರವಾದ್ದರಿಂದ ಕಾಯಲು ಕಾರಣವೇ ಸಿಗುವುದಿಲ್ಲ.

ನಾನು ಮೆಚ್ಚುವುದು ಬೆಝಿಕ್. ಇಲ್ಲಿ 64 ಎಲೆಗಳು, ಕೈಗೆ 8. ಸುತ್ತು ಗೆದ್ದವರು ಮಾತ್ರ, ಅದೂ ಒಂದು ಗೆಲುವಿಗೆ ಒಂದೇ ಕೂಟವನ್ನು ಹೇಳಬಹುದು, ಎಲೆ ಎಳೆದುಕೊಳ್ಳುವ ಮಧ್ಯದ ರಾಶಿ ಮುಗಿದರೆ ಆ ಅವಕಾಶವೂ ಇಲ್ಲ. ತುರುಪಿನ ಎಕ್ಕ, ಹತ್ತು, ರಾಜ, ರಾಣಿ, ಗುಲಾಮ ಐದೂ ಸೇರಿದರೆ 250. ಮೊದಲು ರಾಜ-ರಾಣಿಗೆ 40 ಪಡೆದು, ಮತ್ತೊಮ್ಮೆ ಗೆದ್ದು 250 ಹೇಳಿದರೆ ಒಟ್ಟು 290; ಮೊದಲೇ ಐದನ್ನೂ ಹೇಳಿಬಿಟ್ಟರೆ ಅದೇ ರಾಜ-ರಾಣಿಗೆ ಬೇರೆ ಅಂಕವಿಲ್ಲ. ಆದರೆ ಮತ್ತೊಂದು ಸುತ್ತು ಗೆಲ್ಲಲು ಬೇಕಾದ ಬಲವಾದ ಎಲೆಗಳೇ ಆ ಐದರಲ್ಲಿ ಸಿಕ್ಕಿಕೊಂಡಿರುತ್ತವೆ ಎಂಬುದೇ ಇದರ ಸೊಗಸು ಮತ್ತು ಸಂಕಟ. ಒಮ್ಮೆ ಐದೂ ಕೈಯಲ್ಲಿದ್ದಾಗ 40 ಪಡೆದು ರಾಜ-ರಾಣಿಯನ್ನು ಮೇಜಿನ ಮೇಲೆ ತೆರೆದಿಟ್ಟೆ. ಅದನ್ನು ಕಂಡ ಎದುರಾಳಿ, ಆರಂಭಿಸುವ ಸರದಿ ತಮಗೆ ಸಿಕ್ಕ ಮೇಲೆ, ಸುತ್ತುಗಳನ್ನೆಲ್ಲ ಬೇರೆ ಗುರುತಿನ ಎಕ್ಕಗಳಿಂದಲೇ ಆರಂಭಿಸಿದರು. ತುರುಪು ಹಾಕಿದರೆ ಕೂಟ ಒಡೆಯುತ್ತಿತ್ತು, ಹಾಕದಿದ್ದರೆ ಗೆಲುವಿಲ್ಲ. ಮೂರು ಸುತ್ತು ಬಿಟ್ಟುಕೊಟ್ಟೆ, ರಾಶಿ ಮುಗಿಯಿತು, 250 ಕೈಯಲ್ಲೇ ಉಳಿಯಿತು. ಆ ಬಳಿಕ ರಾಶಿಯಲ್ಲಿ ಹತ್ತಕ್ಕಿಂತ ಕಡಿಮೆ ಎಲೆಗಳಿದ್ದರೆ ನಾನು 40ನ್ನು ಬಿಟ್ಟು ನೇರವಾಗಿ ಐದನ್ನೂ ಹೇಳುತ್ತೇನೆ.