ರಸಮೇವಿನ ಚೀಲ: ಕುರಿ ಸಾಕುವವರಿಗೆ 50 ಕೆಜಿಯದೇ ಸರಿ

ರಸಮೇವು ಎಂದರೆ ಸೈಲೇಜ್, ಗಾಳಿಯಾಡದಂತೆ ತುಂಬಿಟ್ಟು ಹುಳಿ ಬರಿಸಿದ ಹಸಿಮೇವು. ಅದರ ಚೀಲ ಮಾರುವವರು ಮೊದಲು ಮುಂದಿಡುವುದು ಒಂದು ಟನ್ನಿನದನ್ನು. ಹಸು ಕಟ್ಟಿದವರಿಗೆ ಅದು ಸರಿಯೇ, ಕುರಿಗಲ್ಲ. 30 ಕೆಜಿ ತೂಗುವ ಬನ್ನೂರು ಕುರಿಗೆ ದಿನಕ್ಕೆ ಒಂದೂವರೆ ಕೆಜಿ ರಸಮೇವು ಸಾಕು; 20 ಕುರಿಗೆ 30 ಕೆಜಿ. ಟನ್ನಿನ ಚೀಲದ ಬಾಯಿ ಬಿಚ್ಚಿದರೆ ಮುಗಿಯಲು ತಿಂಗಳು ದಾಟುತ್ತದೆ. ಗಾಳಿ ಸೋಕಿದ ಮೇವು ಬೇಸಿಗೆಯಲ್ಲಿ ಎರಡು-ಮೂರು ದಿನಕ್ಕೇ ಬಿಸಿಯೇರಿ ಬೂಸ್ಟು ಹಿಡಿಯುತ್ತದೆ. 50 ಕೆಜಿಯದು ಅಷ್ಟರೊಳಗೆ ಖಾಲಿ.

ಹೊರಗಿನ ನೇಯ್ದ ಚೀಲವನ್ನು ನೆರಳಲ್ಲಿಟ್ಟರೆ ಎರಡು-ಮೂರು ಹಂಗಾಮಿಗೆ ಬರುತ್ತದೆ. ಒಳಗಿನ ಪ್ಲಾಸ್ಟಿಕ್ ಒಂದೇ ಸಲಕ್ಕೆ ಎಂದುಕೊಳ್ಳಿ. ತೆಳುವಾದದ್ದನ್ನು ಕಬ್ಬಿನ ಸೋಗೆಯ ತುದಿ ಸೀಳಿಬಿಡುತ್ತದೆ. ದುಡ್ಡು ಉಳಿಸುವ ಜಾಗ ಇದಲ್ಲ.

ತುಂಬಲು ಅತ್ಯುತ್ತಮ ಎಂದರೆ ತೆನೆ ಮುರಿದ ಸ್ವೀಟ್ ಕಾರ್ನ್ ದಂಟು. ಸಿಹಿ ಅದರಲ್ಲೇ ಇರುವುದರಿಂದ ಬೆಲ್ಲ ಬೇಡ. ಕಡಿದ ಕೂಡಲೇ ತುಂಬಿದರೆ ನೀರು ಜಾಸ್ತಿ, ಅರ್ಧ ದಿನ ಬಾಡಿಸಿ. ಚಾಫ್ ಕಟರಿನಲ್ಲಿ ಒಂದರಿಂದ ಎರಡು ಸೆಂ.ಮೀ. ತುಂಡು ಮಾಡಿ, ಒಂದು ಹಿಡಿ ಮೇವನ್ನು ಅರ್ಧ ನಿಮಿಷ ಗಟ್ಟಿಯಾಗಿ ಹಿಂಡಿ ಕೈ ಬಿಡಿಸಿ. ನೀರು ತೊಟ್ಟಿಕ್ಕಿದರೆ ಇನ್ನೂ ಹಸಿ, ಉಂಡೆ ತಕ್ಷಣ ಉದುರಿದರೆ ಒಣಗಿದೆ. ಅಂಗೈ ತೇವವಾಗಿ ಉಂಡೆ ನಿಧಾನವಾಗಿ ಬಿಚ್ಚಿಕೊಂಡರೆ ತೇವಾಂಶ 65–70 ಶೇಕಡಾ ಇದೆ ಎಂದರ್ಥ. ಹಸಿ ಹೆಚ್ಚಿದ್ದರೆ 100 ಕೆಜಿಗೆ 10 ಕೆಜಿ ತೊಗರಿ ಹೊಟ್ಟು ಬೆರೆಸಿ, ನೀರನ್ನೂ ಹೀರುತ್ತದೆ. ಕಬ್ಬಿನ ಹಸಿರು ಸೋಗೆಯಾದರೆ 100 ಕೆಜಿಗೆ 2 ಕೆಜಿ ಕಾಕಂಬಿ, ಅರ್ಧ ಕೆಜಿ ಉಪ್ಪು.

ಒಂದೊಂದು ಗೇಣಿನ ಪದರಕ್ಕೂ ತುಳಿಯಬೇಕು. ಮೂಲೆಗಳನ್ನು ಹೆಚ್ಚಿನವರು ಮರೆಯುತ್ತಾರೆ, ಬೂಸ್ಟು ಅಲ್ಲಿಂದಲೇ ಶುರು. ಗಾಳಿ ಹೊರಹಾಕಿ ಬಾಯಿ ತಿರುಚಿ ಕಟ್ಟಿ. ಮೊದಲ ನಾಲ್ಕೈದು ದಿನ ಚೀಲ ಉಬ್ಬಿದರೆ ಚುಚ್ಚಬೇಡಿ. ಇಲಿ ಕಚ್ಚಿದ ತೂತಿಗೆ ಅಂದೇ ಟೇಪ್ ಹಚ್ಚಿ.

45 ದಿನಕ್ಕೆ ತೆಗೆಯಬಹುದು. ಹಳದಿ ಬೆರೆತ ಹಸಿರು ಬಣ್ಣ, ಹುಳಿ ವಾಸನೆ, ಹುಳಿ ಅಳೆಯುವ ಪಿಎಚ್ ಪಟ್ಟಿಯಲ್ಲಿ ಸುಮಾರು 4 ಇದ್ದರೆ ಚಿಂತೆಯಿಲ್ಲ. ಕಡುಕಂದಾಗಿ ಸುಟ್ಟ ಬೆಲ್ಲದ ವಾಸನೆ ಬಂದರೆ ಗಾಳಿ ಉಳಿದು ಕಾದಿದೆ. ಕುರಿ ಅದನ್ನು ಚಪ್ಪರಿಸಿ ತಿಂದರೂ ಪ್ರೋಟೀನ್ ದಕ್ಕುವುದು ಕಡಿಮೆ. ಲೋಳೆಯಾಗಿ ಕೊಳೆತ ನಾತ ಬಂದರೆ ತಿಪ್ಪೆಗೆ.

ಮಣ್ಣಿನ ವಿಷಯದಲ್ಲಿ ಮಾತ್ರ ರಾಜಿ ಬೇಡ. ಮೇವನ್ನು ಟಾರ್ಪಾಲಿನ ಮೇಲೆಯೇ ಹರಡಿ. ಮಣ್ಣಿನೊಂದಿಗೆ ಬರುವ ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ, ಹುಳಿ ಸಾಲದ ಮೇವಿನಲ್ಲಿ ಬೆಳೆಯುತ್ತದೆ. ಅದು ತಗುಲಿದ ಕುರಿ ಒಂದೇ ಕಡೆಗೆ ಸುತ್ತುತ್ತದೆ, ಒಂದು ಕಿವಿ ಜೋತುಬೀಳುತ್ತದೆ, ಗಬ್ಬದ ಕುರಿ ಕಂದು ಹಾಕುತ್ತದೆ. ಲಕ್ಷಣ ಕಾಣುವುದು ಕೆಲವು ವಾರ ಕಳೆದ ಮೇಲೂ ಇರಬಹುದು, ಹಾಗಾಗಿ ಮೇವಿನ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಇಂಥ ಕುರಿ ಕಂಡರೆ ಅಂದೇ ಪಶುವೈದ್ಯರಿಗೆ ತೋರಿಸಿ.

ಮೊದಲ ದಿನ ಕಾಲು ಕೆಜಿ ಕೊಟ್ಟು, ಹತ್ತು ದಿನದಲ್ಲಿ ಒಂದೂವರೆಗೆ ಏರಿಸಿ. ಅದರಲ್ಲಿ ನೀರು ಬಿಟ್ಟರೆ ಒಣ ಅಂಶ 450–525 ಗ್ರಾಂ ಅಷ್ಟೇ. ಜೊತೆಗೆ ಅರ್ಧ ಕೆಜಿ ಶೇಂಗಾ ಹೊಟ್ಟು, 100–150 ಗ್ರಾಂ ಹಿಂಡಿ-ಬೂಸಾ, 10 ಗ್ರಾಂ ಖನಿಜ ಮಿಶ್ರಣ ಬೇಕೇ ಬೇಕು. ರಸಮೇವೊಂದನ್ನೇ ನಂಬಿದರೆ ಮರಿಗಳ ತೂಕ ಏರುವುದಿಲ್ಲ. ಮೂರು ತಿಂಗಳೊಳಗಿನ ಮರಿಗೆ ಹಾಕಬೇಡಿ. ಕುರಿ ಎಲೆ ಆರಿಸಿ ತಿಂದು ದಪ್ಪ ದಂಟು ಬಿಡುತ್ತದೆ, ಅದನ್ನು ಸಂಜೆಯೇ ಗೋದಲಿಯಿಂದ ಬಳಿದು ತೆಗೆಯಿರಿ.