ಯುರೋಪಿನಲ್ಲಿ ಬಾಡಿಗೆ ಕಾರು: "ಅಲ್ಲಿ ಗಡಿನೇ ಇಲ್ಲ" ಅನ್ನುವ ಮಾತು ನಂಬಿ ಲಕ್ಷ ರೂಪಾಯಿ ಕಳೆದುಕೊಂಡೆ

ಯುರೋಪಿಗೆ ಹೋಗಿ, ಕಾರು ಬಾಡಿಗೆಗೆ ತಗೊಂಡು, ಮೂರು ನಾಲ್ಕು ದೇಶ ಸುತ್ತಿ ಬರೋಣ ಅಂತ ಯಾರಾದರೂ ಅಂದುಕೊಂಡಿದ್ದರೆ ದುಡ್ಡು ಕಟ್ಟುವ ಮೊದಲು ಇದನ್ನು ಓದಿ. ಉದ್ದ ಇದೆ. ಆದರೂ ಪೂರ್ತಿ ಓದಿ.

ಇದನ್ನು ಬರೆಯೋಕೆ ನನಗೆ ನಾಚಿಕೆ ಆಗುತ್ತಿದೆ. ದಾವಣಗೆರೆ ಮಂಡಿಪೇಟೆಯಲ್ಲಿ 22 ವರ್ಷದಿಂದ ಅಂಗಡಿ ನಡೆಸುತ್ತಿದ್ದೇನೆ. ಬಿಲ್ಲಿಗೂ ಸರಕಿಗೂ ತಾಳೆ ನೋಡದೆ ಒಂದು ಮೂಟೆ ಇಳಿಸಿಕೊಂಡವನಲ್ಲ. ಅಂಥವನು ಜರ್ಮನಿಯ ಮ್ಯೂನಿಕ್ ವಿಮಾನ ನಿಲ್ದಾಣದಲ್ಲಿ ಒಂದು ಸಾಲೂ ಓದದೆ ನಾಲ್ಕು ಕಡೆ ಸಹಿ ಹಾಕಿದೆ. ಎರಡು ತಿಂಗಳಾಯಿತು, ಇವತ್ತಿಗೂ ರಾತ್ರಿ ಅದೇ ನೆನಪಾಗಿ ಎಚ್ಚರ ಆಗುತ್ತದೆ.

ಮಗಳು ಮ್ಯೂನಿಕ್‌ನಲ್ಲಿ ಎಂ.ಎಸ್. ಓದುತ್ತಿದ್ದಾಳೆ. ಅವಳನ್ನು ನೋಡಿದ ಹಾಗೂ ಆಗುತ್ತದೆ, ನಾಲ್ಕು ಊರು ಸುತ್ತಿದ ಹಾಗೂ ಆಗುತ್ತದೆ ಅಂತ ನಾನು, ನನ್ನ ಹೆಂಡತಿ, ಚಿತ್ರದುರ್ಗದಲ್ಲಿರುವ ನನ್ನ ಭಾವಮೈದುನ ಜೂನ್‌ನಲ್ಲಿ ಹೊರಟೆವು. ಮ್ಯೂನಿಕ್‌ನಿಂದ ಆಸ್ಟ್ರಿಯಾದ ಸಾಲ್ಜ್‌ಬರ್ಗ್, ಅಲ್ಲಿಂದ ಸ್ಲೊವೇನಿಯಾದ ಬ್ಲೆಡ್ ಸರೋವರ, ಅಲ್ಲಿಂದ ಇಟಲಿಯ ವೆನಿಸ್, ಆಮೇಲೆ ಇನ್ಸ್‌ಬ್ರುಕ್ ಮೇಲೆ ವಾಪಸ್. 8 ದಿನ, 4 ದೇಶ. ವೆನಿಸ್ ಸೇರಿಸಿದ್ದು ಹೆಂಡತಿಗೋಸ್ಕರ.

ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ನಾವೇ ಮಾಡಿಸಿಕೊಂಡೆವು. ನಾನು ದಾವಣಗೆರೆ ಆರ್‌ಟಿಓದಲ್ಲಿ, ಅವನು ಚಿತ್ರದುರ್ಗದಲ್ಲಿ. 1,000 ರೂಪಾಯಿ ಫೀ, ಒಂದು ವರ್ಷ ನಡೆಯುತ್ತದೆ. ಅದರಲ್ಲಿ ಏನೂ ತೊಂದರೆ ಆಗಲಿಲ್ಲ. ತೊಂದರೆ ಆಗಿದ್ದು ಕಾರಿನ ವಿಷಯದಲ್ಲಿ.

ಕಾರು ಬುಕ್ ಮಾಡಿಸಿದ್ದು ನಮ್ಮೂರಿನ ಒಂದು ಟ್ರಾವೆಲ್ ಆಫೀಸಿನಲ್ಲಿ. ಹೆಸರು ಹಾಕುವುದಿಲ್ಲ. ವೀಸಾ, ಟಿಕೆಟ್ ಎಲ್ಲ ಅವರೇ ಮಾಡಿದ್ದರು, ಚೆನ್ನಾಗೇ ಮಾಡಿದ್ದರು. ಅದಕ್ಕೇ ನಂಬಿದೆ. ಹೋಗುವ ಊರುಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಅಲ್ಲಿ ಕೂತಿದ್ದ ಹುಡುಗನ ಮುಂದೆ ಇಟ್ಟೆ. ಬ್ಲೆಡ್ ಅಂತ ಬರೆದಿದ್ದೆ. ವೆನಿಸ್ ಅಂತ ಬರೆದಿದ್ದೆ. ಅವನು ನೋಡಿದ. ಬೆರಳಿಟ್ಟು ಓದಿದ. ಓದಿ ಹೇಳಿದ್ದು ಇದು:

"ಅಣ್ಣಾರೆ, ಷೆಂಗೆನ್ ವೀಸಾ ಐತಲ್ರಿ, ಅಷ್ಟೂ ದೇಶಕ್ಕ ಅದೊಂದೇ ಸಾಕು. ಅಲ್ಲಿ ಗಡಿನೇ ಇಲ್ಲ. ಕಾರು ಎಲ್ಲಿಗ್ ಬೇಕಾದ್ರೂ ಹೊಡ್ಕೊಂಡು ಹೋಗ್ರಿ."

ಇನ್ಶೂರೆನ್ಸ್ ಕೇಳಿದೆ. "ಫುಲ್ ಹಾಕೀನ್ರಿ. ಟೈರು, ಗ್ಲಾಸು ಎಲ್ಲಾ ಬರ್ತತಿ. ನೀವ್ ಒಂದ್ ರೂಪಾಯಿ ಕೈಯಿಂದ ಕೊಡಂಗಿಲ್ಲ" ಅಂದ. ಅದಕ್ಕೇ ಬೇರೆ 8,600 ತಗೊಂಡ. ಕಾರಿನ ಬಾಡಿಗೆ ಸೇರಿ ಒಟ್ಟು 71,400 ಕಟ್ಟಿದೆ.

ಏಳುವಾಗ ಇನ್ನೊಂದು ಮಾತು ಹೇಳಿದ. "ಕೌಂಟರ್‌ನಾಗ ಜಾಸ್ತಿ ಮಾತಾಡಬ್ಯಾಡ್ರಿ. ಎಲ್ಲಿಗ್ ಹೋಗ್ತೀರಿ ಅಂದ್ರ ಹತ್ರದ ಊರು ಹೇಳ್ರಿ, ಸಾಕು. ಜಾಸ್ತಿ ದೇಶ ಹೇಳಿದ್ರ ಜಾಸ್ತಿ ರೊಕ್ಕ ಹಾಕ್ತಾರ."

ಆ ಮಾತು ಕೇಳಿದಾಗಲೇ ನಾನು ಎದ್ದು ಬರಬೇಕಿತ್ತು. ಗಡಿನೇ ಇಲ್ಲ ಅಂದಮೇಲೆ ದೇಶಕ್ಕೆ ಜಾಸ್ತಿ ದುಡ್ಡು ಯಾಕೆ ಹಾಕುತ್ತಾರೆ? ಒಂದೇ ಬಾಯಲ್ಲಿ ಎರಡು ಮಾತು ಹೇಳಿದ. ನನಗೆ ತಿಳಿಯಲಿಲ್ಲ. ಉಪಕಾರದ ಮಾತು ಹೇಳುತ್ತಿದ್ದಾನೆ ಅಂದುಕೊಂಡೆ.

ಮ್ಯೂನಿಕ್‌ನಲ್ಲಿ ಕಾರು ಬಾಡಿಗೆ ಕಂಪನಿಯ ಕೌಂಟರ್ ಮುಂದೆ ಉದ್ದ ಸಾಲು. ನನ್ನ ಸರದಿ ಬಂದಾಗ ಮುಕ್ಕಾಲು ತಾಸು ಆಗಿತ್ತು. ಅಲ್ಲಿದ್ದ ಹುಡುಗಿ ಪಾಸ್‌ಪೋರ್ಟ್, ಲೈಸೆನ್ಸು, ಪರ್ಮಿಟ್ ಎಲ್ಲ ನೋಡಿದಳು. ಕ್ರೆಡಿಟ್ ಕಾರ್ಡ್ ಓಡಿಸುವವನ ಹೆಸರಲ್ಲೇ ಇರಬೇಕು, ಫಾರೆಕ್ಸ್ ಕಾರ್ಡ್ ನಡೆಯುವುದಿಲ್ಲ ಅಂದಳು. ಪುಣ್ಯಕ್ಕೆ ನನ್ನ ಕಾರ್ಡ್ ಇತ್ತು, ಠೇವಣಿ ಅಂತ 1,200 ಯುರೋ ಬ್ಲಾಕ್ ಮಾಡಿದಳು. ನಮ್ಮ ಇನ್ಶೂರೆನ್ಸ್ ಬೇಕಾ ಅಂತ ಕೇಳಿದಳು. ನನ್ನ ಹತ್ತಿರ ಫುಲ್ ಇನ್ಶೂರೆನ್ಸ್ ಇದೆ ಅಂದೆ. ಟ್ರಾವೆಲ್ ಆಫೀಸಿನವನು ಕೊಟ್ಟ ವೋಚರ್ ನೋಡಿ, "ಇದು ನಮ್ಮದಲ್ಲ. ಏನಾದರೂ ಆದರೆ ಮೊದಲು ನೀವು ನಮಗೆ ಕೊಡಬೇಕು, ಆಮೇಲೆ ಇವರ ಹತ್ತಿರ ವಸೂಲಿ ಮಾಡಿಕೊಳ್ಳಬೇಕು" ಅಂದಳು. ಅವಳದು ಮಾರುವ ಮಾತು ಅಂತ ಬಿಟ್ಟೆ. ಈಗ ಗೊತ್ತಾಗಿದೆ, ಅವಳು ಹೇಳಿದ್ದು ಅಕ್ಷರಕ್ಷರ ನಿಜ.

ಆಮೇಲೆ ಕೇಳಿದಳು. "ಯಾವ ಯಾವ ದೇಶಕ್ಕೆ ಹೋಗುತ್ತೀರಿ?"

ಸ್ಪಷ್ಟವಾಗಿ ಕೇಳಿದಳು, ಅವಳದು ತಪ್ಪಿಲ್ಲ. ನಾನು "ಸಾಲ್ಜ್‌ಬರ್ಗ್" ಅಂದೆ. ಅಷ್ಟೇ ಅಂದೆ. ಪಕ್ಕದಲ್ಲಿ ನಿಂತಿದ್ದ ಮಗಳು ನನ್ನ ಮುಖ ನೋಡಿದಳು. ನಾನು ಕಣ್ಣಲ್ಲೇ ಸುಮ್ಮನಿರು ಅಂದೆ. ಅವಳು ಸುಮ್ಮನಾದಳು. ಹುಡುಗಿ ಟೈಪ್ ಮಾಡಿದಳು, ಟ್ಯಾಬ್ ನನ್ನ ಕಡೆ ತಿರುಗಿಸಿದಳು, ಬೆರಳಲ್ಲಿ ಸಹಿ ಹಾಕಿದೆ. ಕರಾರು ಮೇಲ್‌ಗೆ ಬಂತು. ತೆಗೆದು ನೋಡಲಿಲ್ಲ. ಅದರ ಎರಡನೇ ಪುಟದಲ್ಲಿ ಅನುಮತಿ ಇರುವ ದೇಶಗಳು ಅಂತ ಎರಡೇ ಹೆಸರು ಇದ್ದವು. ಜರ್ಮನಿ, ಆಸ್ಟ್ರಿಯಾ.

ಮೊದಲೆರಡು ದಿನ ಚೆನ್ನಾಗಿತ್ತು. ಆಸ್ಟ್ರಿಯಾದ ಹೆದ್ದಾರಿಗೆ ವಿನ್ಯೆಟ್, ಅಂದರೆ ಮೊದಲೇ ದುಡ್ಡು ಕಟ್ಟಿ ತೆಗೆದುಕೊಳ್ಳುವ ಹೆದ್ದಾರಿ ಪಾಸು ಬೇಕು, ಸ್ಲೊವೇನಿಯಾಕ್ಕೆ ಬೇರೆ ವಿನ್ಯೆಟ್ ಬೇಕು. ಮಗಳು ಎರಡೂ ಕಾರಿನ ನಂಬರ್ ಹಾಕಿ ಫೋನ್‌ನಲ್ಲೇ ತೆಗೆದಳು. ಸ್ಲೊವೇನಿಯಾದಲ್ಲಿ ಅದಿಲ್ಲದೆ ಸಿಕ್ಕಿಬಿದ್ದರೆ ಕನಿಷ್ಠ 300 ಯುರೋ ದಂಡ. ದೊಡ್ಡ ಸುರಂಗಗಳಿಗೆ ಟೋಲ್ ಮತ್ತೆ ಬೇರೆ. ಇಷ್ಟನ್ನೆಲ್ಲ ಸರಿಯಾಗಿ ಮಾಡಿದೆವು. ಆಸ್ಟ್ರಿಯಾದಿಂದ ಸ್ಲೊವೇನಿಯಾಕ್ಕೆ ಹೋಗುವಾಗ ಕರವಾಂಕೆನ್ ಸುರಂಗ ಸಿಗುತ್ತದೆ. ಎಂಟು ಕಿಲೋಮೀಟರ್ ಹತ್ತಿರ ಉದ್ದ. ಗಡಿ ಇರುವುದು ಆ ಸುರಂಗದ ಒಳಗೇ. ಆಚೆ ಬಂದಾಗ ಯಾರೂ ನಿಲ್ಲಿಸಲಿಲ್ಲ, ಯಾರೂ ಏನೂ ಕೇಳಲಿಲ್ಲ. "ನೋಡಪ್ಪ, ಆ ಹುಡುಗ ಹೇಳಿದ್ದು ನಿಜ. ಗಡಿನೇ ಇಲ್ಲ" ಅಂತ ಭಾವಮೈದುನನಿಗೆ ನಾನೇ ಹೇಳಿದೆ. ನಾನೇ ಹೇಳಿದೆ.

ಬ್ಲೆಡ್‌ನಲ್ಲಿ ಸಂಜೆ ನಾಲ್ಕು ಗಂಟೆ ಹೊತ್ತಿಗೆ ಕೆರೆ ಪಕ್ಕದ ರಸ್ತೆಯಲ್ಲಿ ಎದುರಿಗೆ ಬಸ್ಸು ಬಂತು. ಅಲ್ಲಿ ಸ್ಟೇರಿಂಗ್ ಎಡಗಡೆ, ಓಡಿಸುವುದು ಬಲಗಡೆ. ನಮಗೆ ಬಲಗಡೆ ಕೂತು ಓಡಿಸಿ ಅಭ್ಯಾಸ. ಕಾರಿನ ಬಲ ಅಂಚು ಎಲ್ಲಿಗೆ ಮುಗಿಯುತ್ತದೆ ಅನ್ನುವ ಅಂದಾಜು ಸಿಗುವುದಿಲ್ಲ. ಬಸ್ಸಿಗೆ ದಾರಿ ಬಿಡಲು ಬಲಕ್ಕೆ ಒತ್ತಿದೆ, ಮುಂದಿನ ಚಕ್ರ ಅಂಚಿನ ಕಲ್ಲಿಗೆ ಉಜ್ಜಿತು. ಟೈರಿನ ಮಗ್ಗುಲು ಕುಯ್ದು ಹೋಯಿತು. ರಿಮ್ ಕೆರೆಯಿತು. ಡಿಕ್ಕಿ ತೆಗೆದು ನೋಡಿದರೆ ಸ್ಟೆಪ್ನಿ ಇಲ್ಲ. ಪಂಕ್ಚರ್ ಮುಚ್ಚುವ ದ್ರಾವಣದ ಒಂದು ಕಿಟ್ ಇತ್ತು, ಮಗ್ಗುಲು ಹರಿದರೆ ಅದು ಕೆಲಸಕ್ಕೆ ಬರುವುದಿಲ್ಲ.

ಫುಲ್ ಇನ್ಶೂರೆನ್ಸ್ ಇದೆಯಲ್ಲ ಅಂತ ನನಗೆ ಗಾಬರಿ ಆಗಲಿಲ್ಲ. ಮಗಳು ಕಾರು ಕಂಪನಿಯ ಹೆಲ್ಪ್‌ಲೈನ್‌ಗೆ ಫೋನ್ ಮಾಡಿ ಸ್ಪೀಕರ್ ಹಾಕಿದಳು. ಆ ಕಡೆಯವನು ಕರಾರಿನ ನಂಬರ್ ತಗೊಂಡ. ಎಲ್ಲಿದ್ದೀರಿ ಅಂದ. ಬ್ಲೆಡ್ ಅಂದಳು. ಸ್ವಲ್ಪ ಹೊತ್ತು ಮಾತಿಲ್ಲ. "ಬ್ಲೆಡ್, ಸ್ಲೊವೇನಿಯಾ?" ಅಂದ. ಹೌದು ಅಂದಳು. ಅವನು ಜರ್ಮನ್‌ನಲ್ಲಿ ಏನೋ ಹೇಳಿದ. ಮಗಳ ಮುಖ ಸಣ್ಣದಾಯಿತು. ಏನಂತೆ ಅಂದೆ. ಅವಳು ಒಂದೊಂದೇ ಮಾತು ಕನ್ನಡ ಮಾಡಿ ಹೇಳಿದಳು.

"ಕರಾರಿನಲ್ಲಿ ಸ್ಲೊವೇನಿಯಾ ಇಲ್ಲವಂತೆ. ಈ ಕಾರು ಇಲ್ಲಿ ಇರಲೇಬಾರದಂತೆ. ಗಾಡಿ ಕಳಿಸುವುದಿಲ್ಲವಂತೆ, ಬೇರೆ ಕಾರೂ ಕೊಡುವುದಿಲ್ಲವಂತೆ. ನಾವೇ ಸರಿ ಮಾಡಿಸಿಕೊಂಡು ತಕ್ಷಣ ಜರ್ಮನಿಗೆ ವಾಪಸ್ ತರಬೇಕಂತೆ."

ಈ ಕಾರು ಇಲ್ಲಿ ಇರಲೇಬಾರದು. ರಸ್ತೆ ಪಕ್ಕ ನಿಂತು ಆ ಮಾತು ಕೇಳಿದೆನಲ್ಲ, ಹೊಟ್ಟೆಯೊಳಗೆ ಕಲ್ಲು ಬಿದ್ದ ಹಾಗಾಯಿತು. ನಾವು ಕದ್ದ ಕಾರಿನಲ್ಲಿ ಓಡಾಡುತ್ತಿದ್ದೇವೇನೋ ಅನ್ನಿಸಿತು. ಮಗಳು ಫೋನ್ ಇಟ್ಟು, "ಅಪ್ಪಾಜಿ, ಕೌಂಟರ್‌ನಲ್ಲಿ ನೀವ್ಯಾಕೆ ಬ್ಲೆಡ್ ಅಂತ ಹೇಳಲಿಲ್ಲ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಹೆಂಡತಿ ಏನೂ ಅನ್ನಲಿಲ್ಲ, ಕಾರಿನ ಪಕ್ಕ ಕಟ್ಟೆ ಮೇಲೆ ಕೂತುಬಿಟ್ಟಳು.

ಯೋಚನೆ ಮಾಡಿ ನೋಡಿ. ಇಲ್ಲಿಂದ ತಿರುಪತಿಗೆ ಟ್ಯಾಕ್ಸಿ ಮಾಡಿದರೆ ಆಂಧ್ರದ ಪರ್ಮಿಟ್ ದುಡ್ಡು ಬೇರೆ ಅಂತ ನಮಗೆಲ್ಲ ಗೊತ್ತು. ಹೊರಡುವ ಮೊದಲೇ ಪರ್ಮಿಟ್ ಯಾರದು ಅಂತ ಕೇಳುತ್ತೇವೆ. ಅದೇ ನಾನು ನಾಲ್ಕು ದೇಶಕ್ಕೆ ಹೊರಟಾಗ ಕೇಳಲಿಲ್ಲ. ಷೆಂಗೆನ್ ವೀಸಾ ಮನುಷ್ಯರಿಗೆ. ಕಾರಿಗಲ್ಲ. ಕಾರು ಯಾವ ದೇಶಕ್ಕೆ ಹೋಗಬಹುದು ಅಂತ ಹೇಳುವವನು ಕಾರಿನ ಯಜಮಾನ. ಕರಾರಿನಲ್ಲಿ ಆ ದೇಶದ ಹೆಸರಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಗಡಿಯಲ್ಲಿ ಪೊಲೀಸ್ ಇಲ್ಲ ಅಂದರೆ ಅನುಮತಿ ಇದೆ ಅಂತ ಅರ್ಥ ಅಲ್ಲ.

ಗಾಡಿ ಎಳೆಸಿದ್ದಕ್ಕೆ 240 ಯುರೋ, ಟೈರಿಗೆ 165. ಅಲ್ಲೇ ಕೈಯಿಂದ ಕೊಟ್ಟೆ. ಮರುದಿನ ವಾಪಸ್ ಮ್ಯೂನಿಕ್. ವೆನಿಸ್ ಹೋಯಿತು. ಎರಡು ರಾತ್ರಿಯ ಹೋಟೆಲ್ ದುಡ್ಡು 31,000, ವಾಪಸ್ ಇಲ್ಲದ ಬುಕಿಂಗ್, ಅದೂ ಹೋಯಿತು. ದಾರಿಯುದ್ದಕ್ಕೂ ಭಾವಮೈದುನನೇ ಓಡಿಸಿದ. "ಹೋಗ್ಲಿ ಬಿಡ್ರಿ ಭಾವ, ಯಾರಿಗೂ ಪೆಟ್ಟಾಗಲಿಲ್ವಲ್ಲ" ಅಂದ. ನಿಜ. ಯಾರಿಗಾದರೂ ಪೆಟ್ಟಾಗಿದ್ದರೆ ಏನು ಗತಿ ಇತ್ತು ಅಂತ ನೆನೆಸಿಕೊಂಡರೆ ಈಗಲೂ ಕೈ ನಡುಗುತ್ತದೆ.

ಕಾರು ಒಪ್ಪಿಸುವಾಗ ಅಲ್ಲಿದ್ದವನು ರಿಮ್ಮಿನ ಫೋಟೋ ತೆಗೆದ. ಮೊದಲೇ ಹೇಳಿದ್ದರೆ ಏನು ಮಾಡುತ್ತಿದ್ದಿರಿ ಅಂತ ಮಗಳ ಕೈಲಿ ಕೇಳಿಸಿದೆ. ಅವನು ಹೇಳಿದ ಉತ್ತರ ಕೇಳಿ. "ಈ ಕಾರಿಗೆ 50 ಯುರೋ ಕಟ್ಟಿಸಿಕೊಂಡು ಸ್ಲೊವೇನಿಯಾ, ಇಟಲಿ ಎರಡೂ ಬರೆದುಕೊಡುತ್ತಿದ್ದೆವು."

50 ಯುರೋ! ಅದನ್ನು ಉಳಿಸುವ ಉಪಾಯ ಅಂತ ಆ ಹುಡುಗ ನನಗೆ ಹೇಳಿಕೊಟ್ಟಿದ್ದು.

ಹತ್ತು ದಿನದ ಮೇಲೆ ಕಾರ್ಡಿನಿಂದ 730 ಯುರೋ ಕತ್ತರಿಸಿದರು. ರಿಮ್ಮಿಗೆ 420, ಅನುಮತಿ ಇಲ್ಲದ ದೇಶಕ್ಕೆ ಒಯ್ದಿದ್ದಕ್ಕೆ 250, ಕಾಗದಪತ್ರದ ಖರ್ಚು ಅಂತ 60. ಅದೂ ರೂಪಾಯಿ ಲೆಕ್ಕದಲ್ಲಿ, ಅವರದೇ ದರದಲ್ಲಿ. ಕೌಂಟರ್‌ನಲ್ಲಿ ಮಷೀನು ರೂಪಾಯಿನಾ ಯುರೋನಾ ಅಂತ ಕೇಳಿದಾಗ ರೂಪಾಯಿ ಒತ್ತಿದ್ದೆ. ಯಾವತ್ತೂ ಯುರೋ ಒತ್ತಿ. ನಾನು ಕೈಯಿಂದ ಕೊಟ್ಟಿದ್ದೂ ಸೇರಿ 1,135 ಯುರೋ. ನಮ್ಮ ದುಡ್ಡಲ್ಲಿ ಲಕ್ಷ ದಾಟಿತು. ಹೋಟೆಲಿನದು ಬೇರೆ.

ಇನ್ಶೂರೆನ್ಸ್‌ಗೆ ಎಲ್ಲ ರಸೀದಿ, ಫೋಟೋ, ಕರಾರು ಕಳಿಸಿದೆ. ಮೂರು ವಾರ ಕಾಯಿಸಿದರು. ಬಂದಿದ್ದು ಎರಡು ಸಾಲಿನ ಉತ್ತರ. ಬಾಡಿಗೆ ಕರಾರಿನ ಷರತ್ತು ಮುರಿದಿರುವುದರಿಂದ ಪರಿಹಾರ ಬರುವುದಿಲ್ಲ. 8,600 ಕಟ್ಟಿದ ಫುಲ್ ಇನ್ಶೂರೆನ್ಸ್ ಇದು.

ಇನ್ನು ನಮ್ಮೂರಿನವನ ಮಾತು. ಎರಡು ದಿನ ಫೋನ್ ಎತ್ತಲಿಲ್ಲ. ಮೂರನೇ ದಿನ ಎತ್ತಿ, "ಅಣ್ಣಾರೆ, ನಾವು ಬರೀ ಬುಕಿಂಗ್ ಮಾಡಿಕೊಡೋರು. ಕಾರು ಅವರದು, ಇನ್ಶೂರೆನ್ಸ್ ಇನ್ನೊಬ್ಬರದು" ಅಂದ. ಊರಿಗೆ ಬಂದಮೇಲೆ ನೇರ ಆಫೀಸಿಗೆ ಹೋದೆ. ಅಲ್ಲಿ ಬೇರೆ ಗಿರಾಕಿಗಳು ಕೂತಿದ್ದರು. ಅವರೆಲ್ಲರ ಮುಂದೆ ನನಗೆ ಹೇಳುತ್ತಾನೆ, "ನೀವು ಕೌಂಟರ್‌ನಾಗ ಹೇಳ್ಬೇಕಿತ್ತಲ್ರಿ."

ಹೇಳಬೇಡಿ ಅಂದವನು ಅವನೇ! ಅದನ್ನೇ ಕೇಳಿದೆ. "ನಾನ್ ಹಂಗ ಹೇಳೇ ಇಲ್ಲ" ಅಂದ. ಅದು ಬಾಯಿಮಾತು, ನನ್ನ ಹತ್ತಿರ ದಾಖಲೆ ಇಲ್ಲ. ವಾಟ್ಸಾಪ್ ತೆಗೆದೆ. ಅದರಲ್ಲಿ ಅವನದೇ ಮೆಸೇಜ್ ಇತ್ತು. "ಫುಲ್ ಕವರ್. ಆಲ್ ಷೆಂಗೆನ್ ಓಕೆ." ತೋರಿಸಿದೆ. ಒಂದು ಗಳಿಗೆ ನೋಡಿ, "ಅದು ವೀಸಾಕ್ಕ ಹೇಳಿದ್ದು" ಅಂದ. ಕಾರಿನ ವೋಚರ್ ಕಳಿಸಿ ಅದರ ಕೆಳಗೇ ಹಾಕಿದ ಮೆಸೇಜ್ ಅದು. ವೀಸಾ ಬಂದು ಆಗಲೇ ಹದಿನೈದು ದಿನ ಆಗಿತ್ತು. ಕೊನೆಗೆ, "ಮುಂದಿನ ಟ್ರಿಪ್‌ನಾಗ 5,000 ಕಮ್ಮಿ ಮಾಡ್ತೀನಿ ಬಿಡ್ರಿ" ಅಂದ. ಎದ್ದು ಬಂದೆ. ಮೆಟ್ಟಿಲು ಇಳಿಯುವಾಗ ಕಣ್ಣು ಮಂಜಾಗಿತ್ತು.

ದಯವಿಟ್ಟು, ಹೋಗುವ ಒಂದೊಂದು ದೇಶದ ಹೆಸರೂ ಕರಾರಿನಲ್ಲಿ ಇದೆಯಾ ಅಂತ ಕಣ್ಣಾರೆ ನೋಡಿ. ಕೌಂಟರ್‌ನಲ್ಲಿ ಕೇಳಿದರೂ ಹೇಳಿ, ಕೇಳದಿದ್ದರೂ ಹೇಳಿ. ಮಧ್ಯವರ್ತಿ ಮಾರುವ ಇನ್ಶೂರೆನ್ಸ್ ಅಂದರೆ ಮೊದಲು ನಿಮ್ಮ ಜೇಬಿನಿಂದ, ಆಮೇಲೆ ಅವರ ಮನಸ್ಸು ಬಂದರೆ. ಫೋನ್‌ನಲ್ಲಿ ಹೇಳಿದ್ದನ್ನೆಲ್ಲ ಮೆಸೇಜ್‌ನಲ್ಲಿ ಬರೆಸಿಕೊಳ್ಳಿ. "ಜಾಸ್ತಿ ಮಾತಾಡಬೇಡಿ" ಅಂತ ಯಾರಾದರೂ ಅಂದರೆ, ಆ ಕ್ಷಣವೇ ಎದ್ದು ಬನ್ನಿ.

ನಾನು ಸುಮ್ಮನೆ ಕೂತಿಲ್ಲ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡುತ್ತಿದ್ದೇನೆ. ಕೊಟ್ಟ ಹಣ ಐದು ಲಕ್ಷದೊಳಗೆ ಇದ್ದರೆ ಶುಲ್ಕ ಇಲ್ಲ, ಎರಡು ವರ್ಷದೊಳಗೆ ಕೊಡಬೇಕು. ವೋಚರ್, ಕರಾರು, ರಸೀದಿ, ಆ ವಾಟ್ಸಾಪ್ ಮೆಸೇಜಿನ ಪ್ರಿಂಟು ಎಲ್ಲ ಜೋಡಿಸಿಟ್ಟಿದ್ದೇನೆ. ಊರು ಬರೆದುಕೊಟ್ಟ ಹಾಳೆ ಮಾತ್ರ ಅವರ ಆಫೀಸಿನಲ್ಲೇ ಉಳಿಯಿತು. ದಾವಣಗೆರೆ, ಚಿತ್ರದುರ್ಗದ ಕಡೆ ಯಾರಿಗಾದರೂ ಇದೇ ಥರ "ಗಡಿನೇ ಇಲ್ಲ" ಅಂತ ಹೇಳಿ ಕಾರು ಬುಕ್ ಮಾಡಿಕೊಟ್ಟಿದ್ದರೆ, ಮೆಸೇಜ್ ಇದ್ದರೆ, ಅಳಿಸಬೇಡಿ. ನನಗೆ ತಿಳಿಸಿ. ಒಬ್ಬನೇ ಹೋದರೆ ವೀಸಾಕ್ಕೆ ಹೇಳಿದ್ದು ಅಂತಾನೆ. ನಾಲ್ಕು ಜನರ ಹತ್ತಿರ ಅದೇ ಮೆಸೇಜ್ ಇದ್ದರೆ ಏನಂತಾನೆ ನೋಡೋಣ.